ಕುಂಡಸಸ್ಯ ತ್ರಿದೋಷ ಮೀಮಾಂಸೆ: ಕೊಯಮತ್ತೂರು ಸೀಮೆಯ ಕರಿಬೇವಿನ ಪ್ರಕರಣ

ಮನುಷ್ಯರಂತೆ ಗಿಡಮರಗಳಿಗೂ ವಾತ, ಪಿತ್ತ, ಕಫಗಳೆಂಬ ತ್ರಿದೋಷಗಳು ತಗಲುತ್ತವೆಂದು ಸುರಪಾಲನ ‘ವೃಕ್ಷಾಯುರ್ವೇದ’ವು ಪ್ರತಿಪಾದಿಸುತ್ತದೆ, ಕನ್ನಡದಲ್ಲಿ ಸುಮಾರು 1025ರಷ್ಟು ಹಿಂದೆಯೇ ಚಾವುಂಡರಾಯನು (ಗೊಮ್ಮಟನನ್ನು ಕಡೆಯಿಸಿದವನಲ್ಲ, ಇನ್ನೊಬ್ಬ) ತನ್ನ ‘ಲೋಕೋಪಕಾರ’ದಲ್ಲಿ ಇದೇ ಶಾಸ್ತ್ರಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಆದರೆ ತಾರಸಿಯ ಮೇಲೆ, ತಳಕ್ಕೆ ಮೊಳೆ ಹೊಡೆದ ಪೇಂಟ್ ಡಬ್ಬದಲ್ಲಿ ಬೆಳೆಯುವ ಕರಿಬೇವನ್ನು ಕಾಣುವ ಭಾಗ್ಯ ಈ ಆಚಾರ್ಯರಿಗೆ ಇಲ್ಲದ್ದರಿಂದ, ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆನಿಂತ ಕನ್ನಡ ಮಾತಿನ ದೇವಾಂಗರ ಮನೆಗಳ ಅತ್ತೆಯಂದಿರನ್ನೇ ಪ್ರಮಾಣವೆಂದು ಹಿಡಿಯಬೇಕಾಗುತ್ತದೆ.

ವಾತದೋಷದ ಮೂಲ ಪಾಲಕ್ಕಾಡು ಕಂಡಿ, ಅಂದರೆ ಪಶ್ಚಿಮ ಘಟ್ಟದ ಸಾಲು ಕಡಿದು ಬಾಗಿಲು ತೆರೆದಂತಿರುವ ಸ್ಥಳ. ಜೂನ್‌ನಿಂದ ಮುಂಗಾರು ತನ್ನ ಮಳೆಯನ್ನೆಲ್ಲ ಬಹುಮಟ್ಟಿಗೆ ಕೇರಳದಲ್ಲೇ ಇಳಿಸಿ, ಬರಿಗಾಳಿಯನ್ನು ಈ ಬಾಗಿಲಿನಿಂದ ಕಳಿಸುತ್ತದೆ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆಂಬ ತಮಿಳು ಗಾದೆಯಿರುವ ನಾಡಿನಲ್ಲಿ ಪೇಂಟ್ ಡಬ್ಬದ ಪಾಡು ಊಹ್ಯ. ಚಿಕಿತ್ಸೆಯೆಂದರೆ ಊರುಗೋಲು ಕೊಟ್ಟು ಕಟ್ಟುವುದು. ಕಾಂಡ ದಪ್ಪವಾದಂತೆ ತಾನೂ ಹಿಗ್ಗಿಕೊಡುವ ಬನಿಯನ್ ಬಟ್ಟೆಯ ಚೂರುಗಳಿಗೆ ತಿರುಪ್ಪೂರಿನಲ್ಲಿ ಬರವಿಲ್ಲ.

ಪಿತ್ತವು ಮಾರ್ಚ್‌ನಿಂದ ಮೇವರೆಗೆ ಕೆರಳುತ್ತದೆ. ಆಗ ನಲ್ಲಿಯಲ್ಲಿ ಬರುವ ಸಿರುವಾಣಿ ನೀರು ಮನುಷ್ಯರ ಕಾಫಿಗೆ ಮೀಸಲಾಗಿರುವುದರಿಂದ, ಗಿಡಕ್ಕೆ ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ವಿಹಿತ. ನೀರು ಬೆರೆಸಿದ ಹುಳಿಮಜ್ಜಿಗೆ ವಿಶೇಷ ಔಷಧ. ಎಷ್ಟು ಹುಳಿ ಎಂಬ ಪ್ರಶ್ನೆಗೆ ಮನೆಮಂದಿ ಕುಡಿಯಲೊಲ್ಲದಷ್ಟು ಎಂಬುದೇ ಸರ್ವಸಮ್ಮತ ಮಾನ.

ಕಫವು ಐಪ್ಪಸಿಯ, ಅಂದರೆ ಅಕ್ಟೋಬರ್-ನವೆಂಬರ್‌ನ, ಹಿಂಗಾರಿನದು. ಪೊಳ್ಳಾಚಿಯ ತೆಂಗಿನನಾರಿನ ಪುಡಿಯನ್ನು ಬೇಸಿಗೆಯಲ್ಲಿ ಧಾರಾಳವಾಗಿ ತುಂಬಿದವರ ಕುಂಡದಲ್ಲಿ ನೀರು ಇಂಗದೆ ಬೇರು ಕೊಳೆಯುತ್ತದೆ. ಇದಕ್ಕೆ ಮದ್ದು ಸುಮ್ಮನಿರುವುದು. ಅತ್ತೆಯಂದಿರು ಇದನ್ನು ಒಪ್ಪುವುದಿಲ್ಲ.

ಪೂರ್ವಾಚಾರ್ಯರು ಹೆಸರಿಸದೆ ಬಿಟ್ಟ ನಾಲ್ಕನೆಯದು ಪರಹಸ್ತ ದೋಷ. “ಒಗ್ಗರಣೆಗೆ ಎರಡೆಸಳು, ಅಕ್ಕಾ” ಎಂದು ಬರುವ ನೆರೆಯವಳು ಕೆಂಪು ಕಡ್ಡಿಯ ಸೆಂಕಾಂಬು ತಳಿಯ ಸುಳಿಯನ್ನೇ ಚಿವುಟಿಕೊಂಡು ಹೋಗುತ್ತಾಳೆ. ಆದರೆ ಸುಳಿ ಚಿವುಟಿದರೆ ಪಕ್ಕದ ಕಣ್ಣುಗಳು ಒಡೆದು ಗಿಡ ಪೊದೆಗಟ್ಟುತ್ತದೆಂಬುದು ಕಾರಮಡೈಯ ಕರಿಬೇವಿನ ಬೇಸಾಯಗಾರರಿಗೆಲ್ಲ ಗೊತ್ತಿರುವ ಸಂಗತಿಯಾದ್ದರಿಂದ, ಇಲ್ಲಿ ರೋಗವಾವುದು, ವೈದ್ಯನಾರು ಎಂಬ ಜಿಜ್ಞಾಸೆ ಏಳುತ್ತದೆ. ಜಿಜ್ಞಾಸೆಗೆ ಕಾಯದ ಗೃಹಿಣಿ ಕುಂಡವನ್ನು ನೀರಿನ ಟ್ಯಾಂಕಿನ ಹಿಂದೆ ಬಚ್ಚಿಡುತ್ತಾಳೆ. ಅಲ್ಲಿ ಗಿಡ ಕವಲೊಡೆಯದೆ, ಬಿಸಿಲು ಹುಡುಕುತ್ತ ನೀಳವಾಗಿ ಬೆಳೆದು ಮೋಟುಗೋಡೆಯಾಚೆ ತಲೆಹಾಕುತ್ತದೆ, ನೆರೆಯವಳಿಗೆ ಮೆಟ್ಟಿಲು ಹತ್ತಿ ಬರುವ ಶ್ರಮವೂ ತಪ್ಪುತ್ತದೆ.