ತಂತಿ ಆರು, ಸಲಹೆ ನೂರು

ಗಿಟಾರು ಕೊಳ್ಳಬೇಕು ಅಂತ ಮನೆಯಲ್ಲಿ ಬಾಯಿ ಬಿಟ್ಟರೆ ಸಾಕು, ಜನ್ಮದಲ್ಲಿ ತಂತಿ ಮುಟ್ಟದ ಭಾವನವರೂ ಪಂಡಿತರಾಗುತ್ತಾರೆ. "ಎಲೆಕ್ಟ್ರಿಕ್ಕೇ ತಗೊಳ್ಳೋ, ಸ್ಟೈಲಾಗಿರುತ್ತೆ" ಎನ್ನುವವರು ಆಂಪ್ಲಿಫೈಯರ್‌ಗೆ ಬೇರೆ ದುಡ್ಡು ತೆರಬೇಕೆಂಬುದನ್ನು ಹೇಳುವುದಿಲ್ಲ. ಅದರ ಸದ್ದಿಗೆ ಪಕ್ಕದ ಮನೆಯವರು ಹೇಳುವುದನ್ನಂತೂ ಇಲ್ಲಿ ಬರೆಯುವ ಹಾಗಿಲ್ಲ.

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರು ಬೆರಳಿಗೆ ಮೆತ್ತಗೆ, ಆದರೆ ಕತ್ತು ಅಗಲ. ಸ್ಟೀಲ್ ತಂತಿಯ ಅಕೌಸ್ಟಿಕ್ಕಿನಲ್ಲಿ ಸಿನಿಮಾ ಹಾಡು ಖಣಖಣ ಎನ್ನುತ್ತದೆ. ಬೆರಳ ತುದಿಯ ಚರ್ಮ ಮಾತ್ರ ಮೊದಲು ಸುಲಿದು, ಆಮೇಲೆ ದಪ್ಪಗಾಗುತ್ತದೆ. ಅಂಗಡಿಯಲ್ಲಿ ಬಣ್ಣಕ್ಕೆ ಮರುಳಾಗುವ ಮುನ್ನ ಕತ್ತಿನ ಮೇಲಿನ 12ನೇ ಅಡ್ಡಪಟ್ಟಿ, ಅಂದರೆ 12ನೇ ಫ್ರೆಟ್ಟಿನ ಮೇಲೆ ಕಣ್ಣಿಡಿ. ತಂತಿಗೂ ಫ್ರೆಟ್ಟಿಗೂ ನಡುವೆ 2ರಿಂದ 3 ಮಿಲಿಮೀಟರು ಸಂದಿಯಿದ್ದರೆ ಸರಿ. 5 ಮಿಲಿಮೀಟರು ಇದ್ದರೆ ಒತ್ತುವುದಕ್ಕೆ ಗರಡಿಮನೆ ಸೇರಬೇಕು. ಎಫ್ ಕಾರ್ಡು ಹಿಡಿಯಲಾಗದೆ ಅಟ್ಟ ಹತ್ತಿದ ಗಿಟಾರುಗಳಲ್ಲಿ ಅರ್ಧಕ್ಕರ್ಧ ಈ ಸಂದಿಯ ಕಿತಾಪತಿಯೇ ಎಂದು ನನ್ನ ಗುಮಾನಿ.

ಯಮಹಾ ಎಫ್310 ತಗೊಳ್ಳಿ ಎಂದು ಕಂಡಕಂಡವರೆಲ್ಲ ಹೇಳುತ್ತಾರೆ, ತಪ್ಪೇನಿಲ್ಲ. ಕೋಲ್ಕತ್ತದ ಗಿವ್‌ಸನ್ ಗಿಟಾರಿನಲ್ಲಿ ಕಲಿತವರೂ ಬೇಕಾದಷ್ಟಿದ್ದಾರೆ. ಜೊತೆಗೊಂದು ಕ್ಲಿಪ್ ಟ್ಯೂನರ್ ಇರಲಿ. ಇಲ್ಲದಿದ್ದರೆ ಸಂಗೀತ ಬಲ್ಲ ಅಜ್ಜಿ ಅಡುಗೆಮನೆಯಿಂದಲೇ "ಶ್ರುತಿ ಕಣೋ, ಶ್ರುತಿ!" ಎಂದು ಕೂಗುತ್ತಿರುತ್ತಾರೆ.