ಪರ್ಸಿನ ಜಾಹೀರಾತಿಗೆ ಬಿದ್ದ ವಿಮಾನ

ಇಂಜಿನ್ ಯಾವಾಗ ಕೈಕೊಡುತ್ತದೆ ಎಂದು ಯಾವ ಪೈಲಟ್‌ಗೂ ಗೊತ್ತಿರುವುದಿಲ್ಲ. ಟ್ರೆವರ್ ಜೇಕಬ್‌ಗೆ ಗೊತ್ತಿತ್ತು.

2021ರ ನವೆಂಬರ್ 24ರಂದು ಕ್ಯಾಲಿಫೋರ್ನಿಯಾದ ಲೊಂಪೋಕ್ ನಿಲ್ದಾಣದಿಂದ ಒಂದು ಹಳೇ ಟೇಲರ್‌ಕ್ರಾಫ್ಟ್ ವಿಮಾನದಲ್ಲಿ ಒಬ್ಬನೇ ಹೊರಟ. ಬೆನ್ನಿಗೆ ಪ್ಯಾರಾಚೂಟ್. ವಿಮಾನದ ಮೈಮೇಲೆ ಅಲ್ಲಲ್ಲಿ ಕ್ಯಾಮೆರಾ. ಕೈಯಲ್ಲಿ ಸೆಲ್ಫಿ ಸ್ಟಿಕ್. 2014ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡ್ ಸ್ಪರ್ಧೆಗೆ ಇಳಿದಿದ್ದ ಆಸಾಮಿ. ಇಂಜಿನ್ ನಿಂತಿತು ಎಂದ, ಹಾರಿದ. ಖಾಲಿ ವಿಮಾನ ಲಾಸ್ ಪಾಡ್ರೆಸ್ ರಾಷ್ಟ್ರೀಯ ಅರಣ್ಯದ ಗುಡ್ಡಕ್ಕೆ ಅಪ್ಪಳಿಸಿತು. ಕಾಳ್ಗಿಚ್ಚಿಗೆ ಹೆಸರಾದ ಸೀಮೆ ಅದು. ಹೊತ್ತಿಕೊಳ್ಳಲಿಲ್ಲ. ಕಾಡಿನ ಅದೃಷ್ಟ, ಇವನ ಜಾಣತನವಲ್ಲ.

ಡಿಸೆಂಬರ್ 23ಕ್ಕೆ ಯೂಟ್ಯೂಬ್‌ನಲ್ಲಿ ವಿಡಿಯೊ ಬಂತು. ಅದರೊಳಗೆ ಒಂದು ಪರ್ಸಿನ ಜಾಹೀರಾತು. ಪ್ರಾಯೋಜಕರು ಬೇಕಲ್ಲ!

ಲಕ್ಷಗಟ್ಟಲೆ ಜನ ನೋಡಿದರು. ಸಣ್ಣ ವಿಮಾನ ಎಂದರೆ ಶ್ರೀಮಂತರ ತೆವಲು, ಹಾರುವ ಶವಪೆಟ್ಟಿಗೆ ಎಂದು ಮೂಗು ಮುರಿಯುವವರೂ ಇವರೇ. ಅದು ಬೀಳುವುದನ್ನು ಮಾತ್ರ ಹಿಂದೆ ಮುಂದೆ ಓಡಿಸಿ ನೋಡುತ್ತಾರೆ. ನೆಟ್ಟಗೆ ಇಳಿದ ವಿಮಾನದ ವಿಡಿಯೊ ಹಾಕಿ. ಪೈಲಟ್‌ನ ಸೋದರತ್ತೆಯೂ ಲೈಕ್ ಒತ್ತುವುದಿಲ್ಲ.

ಮೋಸ ಹಿಡಿದವರು ಪೈಲಟ್‌ಗಳೇ. ಇಂಜಿನ್ ನಿಂತರೆ ಏನು ಮಾಡಬೇಕೆಂಬುದು ಹಾರಲು ಕಲಿಯುತ್ತಿರುವ ಹುಡುಗನಿಗೂ ಬಾಯಿಪಾಠ. ಗ್ಲೈಡ್ ವೇಗ ಹಿಡಿ, ಇಳಿಯಲು ಬಯಲು ಹುಡುಕು, ಇಂಜಿನ್ ಮತ್ತೆ ಚಾಲೂ ಮಾಡಿ ನೋಡು, ರೇಡಿಯೊದಲ್ಲಿ ಕೂಗು. ಇವನು ಒಂದನ್ನೂ ಮಾಡಲಿಲ್ಲ. ಇಳಿಯಬಹುದಾದ ಜಾಗಗಳು ಗ್ಲೈಡ್ ದೂರದಲ್ಲೇ ಇದ್ದವು. ಇಂಜಿನ್ ನಿಂತಿತೆಂದು ಹೇಳುವ ಮುಂಚೆಯೇ ಬಾಗಿಲು ತೆರೆದಿತ್ತು.

ಆಮೇಲೆ ಹವ್ಯಾಸಿ ಪೈಲಟ್‌ಗಳ ಗೋಳು ಶುರು. ಇವನೊಬ್ಬನಿಂದ ನಮ್ಮೆಲ್ಲರ ಮಾನ ಹೋಯಿತಂತೆ! ಹೌದು ಸ್ವಾಮಿ, ಹೋಯಿತು. ಆದರೆ ಗೆಳೆಯನ ಮನೆಯ ಮೇಲೆ ತೀರಾ ತಗ್ಗಿನಲ್ಲಿ ಹಾರಿ ಹೆಂಚು ನಡುಗಿಸಿ ಬಂದವನಿಗೆ ಹ್ಯಾಂಗರ್‌ನಲ್ಲಿ ಬೆನ್ನು ತಟ್ಟುವವರು ಯಾರು? ಜನವಸತಿಯ ಮೇಲೆ ಅತಿ ಎತ್ತರದ ಕಟ್ಟಡಕ್ಕಿಂತ 1,000 ಅಡಿ ಮೇಲಿರಬೇಕು ಎಂಬ ನಿಯಮ ಪರೀಕ್ಷೆಯಲ್ಲಿ ಬರೆಯುವುದಕ್ಕಷ್ಟೇ ಇದೆಯೇ? ಕಾರುಗಳು ಸೀಸದ ಪೆಟ್ರೋಲ್ ಬಿಟ್ಟು ದಶಕಗಳಾದವು. ಇವರ ವಿಮಾನಗಳು ಇನ್ನೂ ಅದನ್ನೇ ಸುಡುತ್ತಿವೆ. ನೆರೆಯವರು ಮಕ್ಕಳ ರಕ್ತದಲ್ಲಿನ ಸೀಸದ ಮಾತೆತ್ತಿದರೆ ಸಿದ್ಧ ಉತ್ತರ: ನಿಲ್ದಾಣ ಮೊದಲಿತ್ತು, ನೀವು ಆಮೇಲೆ ಬಂದವರು.

ಜೇಕಬ್ ಹೊಸಬ, ಹುಡುಗಾಟದವನು ಅನ್ನುತ್ತೀರಾ? ಪಳಗಿದವರನ್ನೂ ನೋಡಿ. ಲ್ಯೂಕ್ ಐಕಿನ್ಸ್ ಮತ್ತು ಆಂಡಿ ಫ್ಯಾರಿಂಗ್ಟನ್ 2022ರ ಏಪ್ರಿಲ್ 24ರಂದು ಅರಿಜೋನಾದ ಆಕಾಶದಲ್ಲಿ ಎರಡು ಸೆಸ್ನಾಗಳಿಂದ ಧುಮುಕಿ, ಒಬ್ಬರ ವಿಮಾನಕ್ಕೆ ಇನ್ನೊಬ್ಬರು ಹತ್ತಲು ಹೊರಟರು. ರೆಡ್ ಬುಲ್ ಪ್ರಾಯೋಜನೆ, ನೇರ ಪ್ರಸಾರ. ಪೈಲಟ್ ಇಲ್ಲದೆ ವಿಮಾನ ಹಾರಬಾರದೆಂಬ ನಿಯಮದಿಂದ ವಿನಾಯಿತಿ ಕೇಳಿದ್ದರು. ಅಮೆರಿಕದ ವಿಮಾನಯಾನ ಪ್ರಾಧಿಕಾರ ಎಫ್‌ಎಎ ಇಲ್ಲ ಎಂದಿತ್ತು. ಅಪ್ಪ ಬೇಡವೆಂದ ಮೇಲೆ ಹಿತ್ತಲ ಬಾಗಿಲಿಂದ ಜಾತ್ರೆಗೆ ಹೋದ ಹುಡುಗರಂತೆ ಹಾರಿಯೇಬಿಟ್ಟರು. ಒಂದು ವಿಮಾನ ಗಿರಕಿ ಹೊಡೆದು ನೆಲ ಕಂಡಿತು. ಇಬ್ಬರ ಲೈಸೆನ್ಸೂ ರದ್ದಾಯಿತು. ಐಕಿನ್ಸ್‌ಗೆ ಎಫ್‌ಎಎ ಹಾಕಲು ಹೊರಟ ದಂಡ 4,932 ಡಾಲರ್. ಆ ಪ್ರದರ್ಶನದ ಕಾಫಿ ತಿಂಡಿಯ ಖರ್ಚೇ ಅದಕ್ಕಿಂತ ಹೆಚ್ಚಾಗಿರಬೇಕು.

ಜೇಕಬ್‌ಗೆ ಆರು ತಿಂಗಳ ಜೈಲಾಯಿತು, 2023ರ ಡಿಸೆಂಬರ್‌ನಲ್ಲಿ. ವಿಮಾನ ಬೀಳಿಸಿದ್ದಕ್ಕೆ ಅಂದುಕೊಂಡಿರಾ? ಅಲ್ಲ. ಅವಶೇಷ ಕಾಯ್ದಿಡುವುದು ನಿನ್ನ ಹೊಣೆ ಎಂದು ತನಿಖೆಯವರು ಹೇಳಿದ್ದರು. ಅದು ಎಲ್ಲಿ ಬಿದ್ದಿದೆಯೋ ತಿಳಿಯದು ಎಂದವನು ಹೆಲಿಕಾಪ್ಟರ್ ತರಿಸಿ ಅದನ್ನು ಎತ್ತಿಸಿದ. ಟ್ರೇಲರ್‌ನಲ್ಲಿ ಸಾಗಿಸಿ, ತುಂಡು ತುಂಡಾಗಿ ಕತ್ತರಿಸಿ, ದಿನಕ್ಕಿಷ್ಟಿಷ್ಟು ಕಸದ ತೊಟ್ಟಿಗಳಿಗೆ ಹಾಕಿದ. ಒಂದಷ್ಟು ಅದೇ ಲೊಂಪೋಕ್ ನಿಲ್ದಾಣದ ತೊಟ್ಟಿಗೇ. ಅವನು ಒಪ್ಪಿಕೊಂಡ ಅಪರಾಧ ಸಾಕ್ಷ್ಯನಾಶ.

ವಿಮಾನ ಬೀಳಿಸಿದ್ದಕ್ಕೆ ಎಫ್‌ಎಎ 2022ರಲ್ಲೇ ಲೈಸೆನ್ಸ್ ರದ್ದು ಮಾಡಿ ಕೈತೊಳೆದುಕೊಂಡಿತ್ತು. ಹಾಗೆ ಕಳೆದುಕೊಂಡವರು ಒಂದು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಬಹುದು.