ಉಗ್ರಾಣಿಗಳು

ಯಾವ ಸಾಫ್ಟ್‌ವೇರ್ ಕಂಪನಿಗೆ ಹೋದರೂ ಬಿಲ್ಡ್ ನೋಡಿಕೊಳ್ಳುವ ಹಿರಿಯರೊಬ್ಬರು ಮೂಲೆಯಲ್ಲಿ ಸಿಗುತ್ತಾರೆ. ಹತ್ತು ಜನ ಬರೆದ ಕೋಡನ್ನು ಜೋಡಿಸಿ ಗಿರಾಕಿಗೆ ಕೊಡುವ ಪ್ರೋಗ್ರಾಂ ಮಾಡುವುದು ಇವರ ಕೆಲಸ. ಏನು ಕೇಳಿದರೂ ಮೊದಲ ಉತ್ತರ ‘ಆಗಲ್ಲ’.

ಬೆಂಗಳೂರಿನಲ್ಲಿ ನಾನಿದ್ದ ಸಣ್ಣ ಕಂಪನಿ ಕೈಯಲ್ಲಿ ಹಿಡಿಯುವ ಚೀಟಿ ಯಂತ್ರ ಮಾಡುತ್ತಿತ್ತು. ಬಸ್ಸಿಗೆ ಟಿಕೆಟ್, ಪಾರ್ಕಿಂಗಿಗೆ ರಸೀದಿ, ಹೋಟೆಲಿಗೆ ಬಿಲ್ಲು, ಎಲ್ಲಕ್ಕೂ ಅದೇ ಯಂತ್ರ. ಪ್ರಿಂಟರ್, ಕೀಪ್ಯಾಡ್, ತಾರೀಖಿನ ಕೋಡೆಲ್ಲ ‘ಕಾಮನ್’ ಎಂಬ ಫೋಲ್ಡರಿನಲ್ಲಿ. ಮದುವೆ, ಮುಂಜಿ, ತಿಥಿ ಮೂರಕ್ಕೂ ಒಂದೇ ಉಗ್ರಾಣದಿಂದ ಸಾಮಾನು ಅಳೆದು ಕೊಡುವವನಿಗೆ ತಿಥಿ ಅಡುಗೆಗೆ ಎಲ್ಲಿ ಈರುಳ್ಳಿ ಹೋಗಿಬಿಡುತ್ತದೋ ಎಂಬ ಆತಂಕ ಇರುತ್ತದಲ್ಲ, ನಮ್ಮವರ ಮುಖದಲ್ಲಿ ಸದಾ ಅದೇ. ಬೆನ್ನ ಹಿಂದೆ ‘ಉಗ್ರಾಣಿಗಳು’ ಎನ್ನುತ್ತಿದ್ದೆವು. ಎದುರಿಗೆ, ಸಾರ್.

2017ರ ಜೂನ್ ಕೊನೆ. ಜುಲೈ 1ಕ್ಕೆ ಜಿಎಸ್‌ಟಿ ಬರುವುದಿತ್ತು. ಎಸಿ ಇಲ್ಲದ ಹೋಟೆಲಿಗೆ ಶೇ. 12, ಎಸಿ ಇದ್ದರೆ 18. ಎಸಿ ಇಲ್ಲದ ಬಸ್ಸಿನ ಟಿಕೆಟ್ಟಿಗೆ ಏನೂ ಇಲ್ಲ. ಎಸಿ ಹೋಟೆಲಿನವನೊಬ್ಬ ನನ್ನ ತಲೆ ಮೇಲೆ ಕೂತಿದ್ದ. ಕಾಮನ್ ಫೈಲಿನಲ್ಲಿ ‘ಈ ಗಿರಾಕಿಯಾದರೆ 18’ ಎಂದು ಒಂದು ಇಫ್‌ಡೆಫ್ ಸಿಕ್ಕಿಸಿದ್ದರೆ ನಾನು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದೆ.

“ಒಂದೇ ಲೈನು ಸಾರ್.”

“ಕಾಮನ್‌ನಲ್ಲಿ ಗಿರಾಕಿ ಹೆಸರು ಬರಬಾರದು ಕಣಪ್ಪಾ. ತೆರಿಗೆ ಎಷ್ಟು ಅಂತ ಕೇಳು. ಯಾರು ಅಂತ ಕೇಳಬೇಡ. ನಾಳೆ ಅವನು ಎಸಿ ತೆಗೆಸಿದರೆ?”

“ಎಸಿ ಯಾರು ತೆಗೆಸ್ತಾರೆ ಸಾರ್?”

ಕೇಳಬಾರದಿತ್ತು. ಪಾಠ ಶುರುವಾಯಿತು. ಹೌದು–ಅಲ್ಲ ಎನ್ನುವ ಆಯ್ಕೆ ಹತ್ತಿದ್ದರೆ 1,024 ಬಗೆಯ ಬಿಲ್ಡು. 33 ಆದರೆ ಭೂಮಿಯ ಮೇಲಿರುವ ಒಬ್ಬೊಬ್ಬರಿಗೂ ಒಂದೊಂದು ಹಂಚಿ ಮಿಗುತ್ತದೆ. “ಅಷ್ಟನ್ನೂ ಟೆಸ್ಟ್ ಮಾಡೋರು ಯಾರು, ನಿಮ್ಮ ತಾತನಾ?” ತಾತ ತೀರಿಕೊಂಡು ಬಹಳ ಕಾಲವಾಯಿತು ಎಂದು ಹೇಳಿ ನೋಡಿದೆ. ಪಾಠ ನಿಲ್ಲಲಿಲ್ಲ. ಕೊನೆಗೆ ಪಕ್ಕದಲ್ಲೇ ಕೂರಿಸಿಕೊಂಡು ಒಂದೊಂದು ಉತ್ಪನ್ನಕ್ಕೂ ಒಂದೊಂದು ಪುಟ್ಟ ಫೈಲು ಬರೆಸಿದರು: ಯಾವ ಮಾಡ್ಯೂಲ್ ಬೇಕು, ಕಾಗದದ ಅಗಲ ಎಷ್ಟು, ಸಿಜಿಎಸ್‌ಟಿ ಎಷ್ಟು, ಎಸ್‌ಜಿಎಸ್‌ಟಿ ಎಷ್ಟು. ಹೊತ್ತು ಮೀರಿತೆಂದು ತಾವೇ ಇಡ್ಲಿ ತರಿಸಿ, ಪೊಟ್ಟಣದ ಜೊತೆ ಬಂದ ಬಿಲ್ಲನ್ನು ಬೆಳಕಿಗೆ ಹಿಡಿದು, “ಇವನದು ಇನ್ನೂ ವ್ಯಾಟು” ಎಂದರು.

ನವೆಂಬರ್ 15ಕ್ಕೆ ಸರ್ಕಾರ ಎಸಿ ಇರಲಿ ಬಿಡಲಿ, ಬಹುತೇಕ ಹೋಟೆಲುಗಳಿಗೆ ಶೇ. 5 ಎಂದುಬಿಟ್ಟಿತು. ಫೈಲು ತೆರೆದು 9 ಇದ್ದಲ್ಲಿ 2.5 ಎಂದು ಎರಡು ಕಡೆ ಹಾಕಿದೆ, ಮುಗಿಯಿತು. ಉಗ್ರಾಣಿಗಳು ಕಾಫಿ ಲೋಟ ಹಿಡಿದು ಬಂದು, ನನ್ನ ಸ್ಕ್ರೀನು ನೋಡಿ, ಒಂದು ಮಾತೂ ಆಡದೆ ಹೋದರು. ‘ನಾನು ಹೇಳಿರಲಿಲ್ಲವೇ’ ಎಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮೌಸ್ ಮುಟ್ಟುತ್ತಿರಲಿಲ್ಲ. ಬಿಲ್ಡ್ ಮಾಡುವ ‘ಮೇಕ್’ ಎಂಬ ಪ್ರೋಗ್ರಾಮಿಗೆ ಸೂಚನೆ ಬರೆದಿಡುವ ಮೇಕ್‌ಫೈಲಿನಲ್ಲಿ ಟ್ಯಾಬ್ ಇರಬೇಕಾದ ಕಡೆ ಯಾರಾದರೂ ಸ್ಪೇಸ್ ಒತ್ತಿದ್ದರೆ ದೂರದಿಂದಲೇ ವಾಸನೆ ಹಿಡಿಯುತ್ತಿದ್ದರು. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಮೇಕ್ ಬರೆದದ್ದು, ಟ್ಯಾಬಿನ ತೊಡಕು ಗೊತ್ತಾಗುವ ಹೊತ್ತಿಗೆ ಹತ್ತು ಹನ್ನೆರಡು ಜನ ಅದನ್ನು ಬಳಸುತ್ತಿದ್ದಾರೆಂದು ಹಾಗೇ ಬಿಟ್ಟದ್ದು, ಇದು ಅವರ ಹರಿಕಥೆ. “ಹನ್ನೆರಡು ಜನರ ದಾಕ್ಷಿಣ್ಯಕ್ಕೆ ನೋಡಪ್ಪಾ ನಾವೆಲ್ಲ ಅನುಭವಿಸ್ತಿರೋದು” ಎನ್ನುವಾಗ ಫೆಲ್ಡ್‌ಮನ್ ಸ್ವಂತ ಷಡ್ಡಕನೇನೋ ಎನ್ನಿಸುತ್ತಿತ್ತು.

ಅವರು ನಿವೃತ್ತರಾದರು. ಈಗ ರಾತ್ರಿ ಸರ್ವರೇ ಬಿಲ್ಡ್ ಮಾಡುತ್ತದೆ. ಹೊಸ ಹುಡುಗರು ಉದಾರಿಗಳು, ಗಿರಾಕಿಗೊಂದು ಇಡೀ ಕೋಡಿನ ಕಾಪಿ ಮಾಡಿಕೊಟ್ಟಿದ್ದಾರೆ. ಪ್ರಿಂಟರಿನ ಒಂದು ತಪ್ಪನ್ನು ಅಷ್ಟೂ ಕಾಪಿಗಳಲ್ಲಿ ತಿದ್ದುತ್ತಾ ಕೂರುತ್ತಾರೆ. ಹಳೆಯ ಮೇಕ್‌ಫೈಲನ್ನು ಮಾತ್ರ ಅಳಿಸುವ ಧೈರ್ಯ ಯಾರಿಗೂ ಬಂದಿಲ್ಲ. ಅದರ ನೆತ್ತಿಯ ಮೇಲೆ ‘ಕೈ ಹಾಕುವ ಮುಂಚೆ ನನ್ನನ್ನು ಕೇಳಿ’ ಎಂದು ಅವರ ಎಕ್ಸ್‌ಟೆನ್ಷನ್ ನಂಬರು ಇದೆ. ಆ ಫೋನು ಈಗ ಪ್ಯಾಂಟ್ರಿಯಲ್ಲಿದೆಯಂತೆ. ಗಾಬರಿಯಲ್ಲಿ ಫೋನು ಮಾಡುವ ಹುಡುಗರಿಗೆಲ್ಲ “ಟೀ ಎಷ್ಟು ಸಾರ್?” ಎಂಬ ಉತ್ತರ ಸಿಗುತ್ತದೆ.